ಸೇದಿದವನಿಗೆ ಜೈಲು ಮದ್ದಲ್ಲ

ಮೂಡಿಗೆರೆ

ಚಿ. ಸಹನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು. ಉಭಯ ಕುಶಲೋಪರಿ.

ಹಾಸನದ ಚರ್ಚಾಸ್ಪರ್ಧೆಗೆಂದು ನೀನು ಬರೆದ ಭಾಷಣ ಓದಿದೆ. ಗಾಂಜಾ ಸೇದಿದವರನ್ನೆಲ್ಲ ಜೈಲಿಗೆ ಹಾಕಬೇಕು ಎಂದಿದ್ದೀಯಲ್ಲ, ಅದನ್ನು ನಾನು ಒಪ್ಪಲಾರೆ. ಗಾಂಜಾ ಒಳ್ಳೆಯದೆಂದಲ್ಲ. ನಶೆಗೆ ಬಿದ್ದ ಹುಡುಗರನ್ನು ಕಂಡರೆ ಕರುಳು ಹಿಂಡಿದಂತಾಗುತ್ತದೆ. ಆದರೆ ಆರು ತಿಂಗಳು ಒಳಗಿದ್ದು ಬಂದವನಿಗೆ ಆಮೇಲೆ ಯಾರು ಕೆಲಸ ಕೊಡುತ್ತಾರೆ, ಹೇಳು?

1985ರ ಮಾದಕವಸ್ತು ಕಾಯ್ದೆಯನ್ನು ಪೂರ್ತಿ ಓದು. ಸೆಕ್ಷನ್ 27ರಲ್ಲಿ ಸೇವನೆಗೆ ಶಿಕ್ಷೆಯಿದೆ. ಹೆರಾಯಿನ್, ಕೊಕೇನ್‌ಗೆ ಒಂದು ವರ್ಷದವರೆಗೆ, ಗಾಂಜಾಕ್ಕೆ ಆರು ತಿಂಗಳವರೆಗೆ. ಅದೇ ಕಾಯ್ದೆಯ 64ಎ ಸೆಕ್ಷನ್ ಪ್ರಕಾರ, ವ್ಯಸನಿ ತಾನಾಗಿಯೇ ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಗೆ ಹೋಗಿ ಚಿಕಿತ್ಸೆ ಪಡೆದರೆ ಸೇವನೆಯ ಮೊಕದ್ದಮೆಯಿಂದ ಪಾರಾಗಬಹುದು. ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ನಮ್ಮ ಊರುಗಳಲ್ಲಿ ಠಾಣೆ ಎಲ್ಲರಿಗೂ ಗೊತ್ತು, ಈ ಸೆಕ್ಷನ್ ಯಾರಿಗೂ ಗೊತ್ತಿಲ್ಲ. ಹಾಗಾಗಿ ತಾಯಂದಿರು ಮಗನನ್ನು ವೈದ್ಯರಿಗೂ ತೋರಿಸದೆ ಬಚ್ಚಿಡುತ್ತಾರೆ.

ತೋಟದಲ್ಲಿ ರೈಟರಾಗಿ ಬಟವಾಡೆ ಪುಸ್ತಕ ಹಿಡಿದವನು ನಾನು. 2007ರ ಜುಲೈ 1ರಂದು ಸಾರಾಯಿ ನಿಷೇಧವಾದಾಗ ಲೈನ್ ಮನೆಗಳ ಹೆಂಗಸರು ಎಷ್ಟು ಸಂತೋಷಪಟ್ಟರು! ಆಮೇಲೆ ಬಟವಾಡೆಯ ಸಂಜೆ ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. ಕುಡಿತ ನಿಲ್ಲಲಿಲ್ಲ. ಕುಡಿದು ಹೆಂಡತಿಗೆ ಹೊಡೆಯುವವನನ್ನು, ಚಾರ್ಮಾಡಿ ಘಾಟಿಯಲ್ಲಿ ಕುಡಿದು ಜೀಪು ಓಡಿಸುವವನನ್ನು, ಕಾಲೇಜಿನ ಗೇಟಿನ ಬಳಿ ಪೊಟ್ಟಣ ಮಾರುವವನನ್ನು ಕಾನೂನು ಬಿಡಬಾರದು. ಅಲ್ಲಿ ಇನ್ನೊಬ್ಬರ ಬದುಕು ಹಾಳಾಗುತ್ತದೆ. ತನ್ನ ಕೋಣೆಯಲ್ಲಿ ತನ್ನನ್ನೇ ಹಾಳುಮಾಡಿಕೊಳ್ಳುವವನಿಗೆ ಬೇಕಾದದ್ದು ವೈದ್ಯರು.

ಜೈಲೇ ಬೇಕೆನ್ನುವವರು ಸಂವಿಧಾನದ 47ನೇ ವಿಧಿಯನ್ನು ಎತ್ತುತ್ತಾರೆ. ಆರೋಗ್ಯಕ್ಕೆ ಹಾನಿಕರವಾದ ಮಾದಕ ಪಾನೀಯ, ಮಾದಕವಸ್ತುಗಳನ್ನು ನಿಷೇಧಿಸಲು ಸರ್ಕಾರ ಪ್ರಯತ್ನಿಸಬೇಕು ಎನ್ನುತ್ತದೆ ಅದು. ಸೇವಿಸಿದವನನ್ನು ಜೈಲಿಗೆ ಹಾಕು ಎನ್ನುವುದಿಲ್ಲ. ಪೋರ್ಚುಗಲ್ 2001ರಿಂದ ಹತ್ತು ದಿನದ ಸ್ವಂತ ಬಳಕೆಗಾಗುವಷ್ಟು ಮಾದಕವಸ್ತು ಇಟ್ಟುಕೊಂಡವರನ್ನು ನ್ಯಾಯಾಲಯಕ್ಕೆ ಕಳಿಸದೆ ಪ್ರತ್ಯೇಕ ಆಯೋಗದ ಮುಂದೆ ಕೂರಿಸುತ್ತಿದೆ. ಮಾರಾಟ ಅಲ್ಲಿಯೂ ಅಪರಾಧವೇ. ಇನ್ನು ನೀತಿ-ಅನೀತಿಯ ವಿಷಯ: ಸಮಾಜ ಒಪ್ಪುವುದಿಲ್ಲ ಎಂಬ ಕಾರಣಕ್ಕೆ ವಯಸ್ಕರ ಖಾಸಗಿ ಸಂಬಂಧವನ್ನು ಅಪರಾಧವೆನ್ನಲಾಗದು ಎಂದು 2018ರಲ್ಲಿ, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೇ ಸೆಕ್ಷನ್ ಕುರಿತು ಸುಪ್ರೀಂ ಕೋರ್ಟ್ ಹೇಳಿದ್ದನ್ನು ನೀನು ಪಾಠದಲ್ಲೇ ಓದಿರುತ್ತೀಯೆ.

ಸ್ಪರ್ಧೆಯಲ್ಲಿ ಯಾವ ಪಕ್ಷ ವಹಿಸುತ್ತೀಯೋ ನಿನಗೆ ಬಿಟ್ಟದ್ದು. ಆದರೆ 64ಎ ಸೆಕ್ಷನ್ ಅನ್ನು ವೇದಿಕೆಯಲ್ಲಿ ಗಟ್ಟಿಯಾಗಿ ಓದಿ ಹೇಳು. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಂಡು, ಚಿಕಿತ್ಸೆಗೆ ಯಾವ ಕಾಗದಪತ್ರ ಬೇಕೆಂದು ಕೇಳಿ ಬೇಗ ಬರೆ. ಇಲ್ಲಿ ಒಂದು ಮನೆಯವರು ಕಾಯುತ್ತಿದ್ದಾರೆ.

ಇಂತು,
ನಿನ್ನ ದೊಡ್ಡಪ್ಪ