ಅಮರಸುಳ್ಯದ ಕಥೆ ಬರೆಯಹೊರಟ ಮಿತ್ರರಿಗೆ

ಪ್ರೀತಿಯ ಮಿತ್ರರೇ,

ವಂದನೆಗಳು. ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯ ವಿರುದ್ಧ ರೈತರು ಎದ್ದ 1837ರ ಅಮರಸುಳ್ಯದ ದಂಗೆಯನ್ನು ಕುರಿತ ನಿಮ್ಮ ಕಾದಂಬರಿಯ ಕರಡನ್ನು ಓದಿ ಮುಗಿಸಿದೆ. ಭಾಷೆಗೆ ಓಟವಿದೆ, ದಂಗೆಯವರು ಬಾವುಟ ಹಾರಿಸಿದ ಮಂಗಳೂರಿನ ಬಾವುಟಗುಡ್ಡದ ಪ್ರಸಂಗವಂತೂ ಕಣ್ಣಿಗೆ ಕಟ್ಟುವಂತೆ ಬಂದಿದೆ. ಆದರೆ ಸುಳ್ಯ, ಬೆಳ್ಳಾರೆಗಳ ಬೇಸಾಯಗಾರರು ಮನೆಮಾರು ಬಿಟ್ಟು ಘಟ್ಟದ ಕೆಳಗಿನ ಅಷ್ಟು ದೂರದ ಪಟ್ಟಣದವರೆಗೆ ನಡೆದುಹೋದದ್ದು ಯಾತಕ್ಕಾಗಿ ಎಂದು ಹುಡುಕಿದರೆ, ಇಡೀ ಕರಡಿನಲ್ಲಿ ಸಿಗುವುದು ‘ಪರಕೀಯರ ದಬ್ಬಾಳಿಕೆ’ ಎಂಬ ಎರಡು ಮಾತು ಮಾತ್ರ. ನನ್ನ ತಕರಾರು ಇರುವುದು ಅಲ್ಲಿಯೇ.

1834ರ ಏಪ್ರಿಲ್‌ನಲ್ಲಿ ಕಂಪನಿಯ ಸೈನ್ಯ ಹಲವು ದಿಕ್ಕುಗಳಿಂದ ಕೊಡಗನ್ನು ಹೊಕ್ಕ ಸಂಗತಿಗೆ ನೀವು ಮೂರು ಅಧ್ಯಾಯಗಳನ್ನು ಮೀಸಲಿಟ್ಟಿದ್ದೀರಿ. ಸೋಮವಾರಪೇಟೆಯ ಕಡೆಯಿಂದ ಬಂದ ದಳ ಪೆಟ್ಟು ತಿಂದದ್ದು ನಿಜವಾದರೂ, ತಿಂಗಳ ಮೊದಲ ವಾರ ಕಳೆಯುವಷ್ಟರಲ್ಲಿ ಮಡಿಕೇರಿ ಕೋಟೆಯ ಮೇಲೆ ಕಂಪನಿಯ ಬಾವುಟ ಹಾರಿತು, ಕೆಲವೇ ದಿನಗಳಲ್ಲಿ ಕೊಡಗಿನ ಕಡೆಯ ಅರಸ ಚಿಕ್ಕವೀರರಾಜೇಂದ್ರ ಶರಣಾದ. ಈ ಮೂರು ಅಧ್ಯಾಯಗಳನ್ನು ಹತ್ತು ಪುಟಕ್ಕೆ ಇಳಿಸಿದರೆ ಏನೂ ನಷ್ಟವಿಲ್ಲ. ಮೇ 7ರ ಘೋಷಣೆಯನ್ನು ಮಾತ್ರ ಬಿಡಬೇಡಿ. ಕೊಡಗಿನ ಪ್ರಜೆಗಳೆಲ್ಲ ಒಮ್ಮತದಿಂದ ಬಯಸಿದ್ದರಿಂದಲೇ ಈ ಸೀಮೆಯನ್ನು ವಹಿಸಿಕೊಳ್ಳುತ್ತಿದ್ದೇವೆ ಎಂದು ಅದು ಹೇಳುತ್ತದೆ. ಆ ಒಮ್ಮತ ಯಾರ್ಯಾರದು ಎಂಬ ಪ್ರಶ್ನೆಯೊಂದೇ ಒಂದು ಕಾದಂಬರಿಗೆ ಸಾಕಾಗುತ್ತದೆ.

ನಿಮ್ಮ ಕಥೆಯ ಬೇರು ಇರುವುದು ಯುದ್ಧದ ನಂತರದ ಆಡಳಿತದಲ್ಲಿ. ಅದುವರೆಗೆ ಕೊಡಗಿನ ಅರಸರ ಕೈಕೆಳಗಿದ್ದ ಅಮರಸುಳ್ಯ, ಪುತ್ತೂರುಗಳ ಮಾಗಣೆಗಳನ್ನು, ಎಂದರೆ ಊರುಗಳ ಗುಂಪುಗಳನ್ನು, ಕಂಪನಿ ಕರಾವಳಿಯ ಕೆನರಾ ಜಿಲ್ಲೆಗೆ ಸೇರಿಸಿತು. ಗದ್ದೆ, ತೋಡು, ಮನೆ ಎಲ್ಲವೂ ಇದ್ದಲ್ಲಿಯೇ ಇದ್ದವು. ರೈತ ಮಡಿಕೇರಿಗೆ ಬದಲು ಮಂಗಳೂರಿನ ಕಲೆಕ್ಟರರಿಗೆ ಉತ್ತರ ಹೇಳಬೇಕಾಯಿತು. ಅರಸರ ಕಾಲದಲ್ಲಿ ಬೆಳೆದ ಫಸಲನ್ನೇ ಅಳೆದುಕೊಟ್ಟು ಕಂದಾಯ ತೀರಿಸುತ್ತಿದ್ದವನಿಗೆ ಈಗ ನಗದಿನಲ್ಲಿಯೇ ಕಿಸ್ತು ಕಟ್ಟಬೇಕೆಂಬ ಕಟ್ಟಳೆ ಬಂತು. ಇದನ್ನು ನೀವು ಒಂದು ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ; ಇಲ್ಲಿ ನಿಲ್ಲಬೇಕಿತ್ತು. ಮಳೆಗಾಲದ ಬೆಳೆಯಾದ ಏಣೆಲಿನ ಕೊಯ್ಲು ಮುಗಿದು ಎಲ್ಲರ ಅಂಗಳಕ್ಕೂ ಭತ್ತ ಬಂದಿರುವಾಗ ಅದರ ಬೆಲೆ ಇಳಿದಿರುತ್ತದೆ. ಅದೇ ಹೊತ್ತಿಗೆ ಕಿಸ್ತಿನ ಗಡುವು ಎದುರಾದರೆ, ರೈತ ಸಿಕ್ಕಿದ ಬೆಲೆಗೆ ಭತ್ತ ಮಾರಬೇಕು, ಇಲ್ಲವೆ ಸಾಹುಕಾರನಲ್ಲಿ ಬಡ್ಡಿಗೆ ಹಣ ಎತ್ತಬೇಕು. ಬಡ್ಡಿ ಬೆಳೆದರೆ ಮಳೆಗಾಲದ ಹೊತ್ತಿಗೆ ಉಣ್ಣುವ ಅಕ್ಕಿಯನ್ನೂ ಅವನಲ್ಲಿಯೇ ಸಾಲ ತರಬೇಕು. ಉಪ್ಪು, ಹೊಗೆಸೊಪ್ಪುಗಳ ಮೇಲಿನ ಕಂಪನಿಯ ಏಕಸ್ವಾಮ್ಯ ಬೇರೆ. ಕೆನರಾದ ಹಳೆಯ ಭಾಗಗಳ ರೈತರು 1830-31ರಲ್ಲಿಯೇ ಕೂಟಗಳನ್ನು ಕಟ್ಟಿ ಕಂದಾಯ ಕೊಡಲಾರೆವೆಂದು ಕುಳಿತಿದ್ದರು ಎಂಬುದನ್ನು ನೆನೆದರೆ, ಸುಳ್ಯದವರ ಸಿಟ್ಟು ಒಂಟಿಯಾಗಿ ಹುಟ್ಟಿದ್ದಲ್ಲ ಎಂಬುದೂ ತಿಳಿಯುತ್ತದೆ.

ದಂಗೆಯ ಮುಂದಾಳುಗಳು ಪುಟ್ಟಬಸಪ್ಪನೆಂಬವನನ್ನು ಕೊಡಗಿನ ರಾಜವಂಶದ ಕಲ್ಯಾಣಸ್ವಾಮಿಯೆಂದು ಜನರ ಮುಂದೆ ನಿಲ್ಲಿಸಿದ ಪ್ರಸಂಗವನ್ನು ನೀವು ಜಾಣ ತಂತ್ರವೆಂಬಂತೆ ಬರೆದಿದ್ದೀರಿ. ನನಗೆ ಅದು ಅಷ್ಟು ಸರಳವೆನಿಸುವುದಿಲ್ಲ. ರಾಜವಂಶದವನೊಬ್ಬ ಮರಳಿ ಬಂದನೆಂದರೆ ಹಳೆಯ ಕಂದಾಯದ ಪದ್ಧತಿಯೂ ಮರಳಿ ಬರುತ್ತದೆಂದು ಆ ರೈತ ಲೆಕ್ಕ ಹಾಕಿರಬೇಕು. ಹಾಗೆ ನೋಡಿದರೆ ಅವನನ್ನು ಮುಗ್ಧನೆಂದು ಚಿತ್ರಿಸುವ ಅಗತ್ಯ ಬೀಳುವುದಿಲ್ಲ.

ಕಂಪನಿಯ ಪಕ್ಷ ವಹಿಸಿದ ಕೊಡಗಿನ ದಿವಾನರನ್ನೂ ಮುಖಂಡರನ್ನೂ ನೀವು ದ್ರೋಹಿಗಳೆಂದು ಒಂದೇ ಏಟಿಗೆ ತೀರ್ಮಾನಿಸಿದ್ದೀರಿ. ಅವರ ಭೂಮಿಯನ್ನೂ ನೋಡಿ. ಘಟ್ಟದ ಮೇಲೆ ಕಂಪನಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಹಿಡುವಳಿಯನ್ನು ಮುಟ್ಟಲಿಲ್ಲ. ಬ್ರಿಟಿಷರ ಕಂದಾಯದ ಲೆಕ್ಕದಲ್ಲಿ ನೂರು ಭಟ್ಟಿ (ಅಲ್ಲಿನ ಅಳತೆ) ಗದ್ದೆಗೆ ಸಾಗು ರೈತ, ಎಂದರೆ ಸಾಮಾನ್ಯ ಹಿಡುವಳಿಯವನು, 10 ರೂಪಾಯಿ ಕಟ್ಟಿದರೆ ಜಮ್ಮಾದವನು ಕಟ್ಟುತ್ತಿದ್ದದ್ದು 5 ರೂಪಾಯಿ. ಗದ್ದೆಗೆ ಹೊಂದಿದ ಬಾಣೆಯೆಂಬ ಕಾಡುನೆಲದಿಂದ ಸೊಪ್ಪು, ಸೌದೆ, ಮೇವುಗಳೂ ಸಿಗುತ್ತಿದ್ದವು. ಹೀಗೆ ಒಂದೇ ಸರಕಾರ ಘಟ್ಟದ ಮೇಲಿನವನ ಹಕ್ಕನ್ನು ಉಳಿಸಿ, ಕೆಳಗಿನವನ ಪದ್ಧತಿಯನ್ನು ಮುರಿದಿತ್ತು. ಹಾಗಿದ್ದೂ ದಂಗೆಗೆ ಸೇರಿದ ಕೊಡವರಿದ್ದರು. ಅವರ ಕಾರಣಗಳನ್ನು ಕಲ್ಪಿಸುವುದು ನಿಮ್ಮ ಕೆಲಸ. ದಂಗೆಯನ್ನು ಅಡಗಿಸಲು ನೆರವಾದವರಿಗೆ ಕಂಪನಿ ಕೊಟ್ಟ ಪದಕವನ್ನು ಸಾಧ್ಯವಾದರೆ ಕಣ್ಣಾರೆ ನೋಡಿ: ಒಂದು ಮಗ್ಗುಲಲ್ಲಿ ಆಯುಧ ಎತ್ತಿ ನಿಂತ ಕೊಡಗಿನ ವೀರ, ಅವನ ಸುತ್ತ ಕನ್ನಡದ ಅಕ್ಷರಗಳು. ಎದೆಯ ಮೇಲೆ ಅದನ್ನು ತೊಟ್ಟು ಊರಿನ ಮದುವೆಗೆ ಹೋದವನೊಬ್ಬನನ್ನು ನಿಮ್ಮ ಕಾದಂಬರಿಗೆ ತನ್ನಿ.

ಆಕರಗಳ ಬಗ್ಗೆ ಒಂದು ಮಾತು. ಬರಹದಲ್ಲಿ ಉಳಿದಿರುವುದರಲ್ಲಿ ಹೆಚ್ಚಿನದು ದಂಗೆಯನ್ನು ತುಳಿದವರದೇ. ಅದರಲ್ಲಿನ ಬೈಗುಳವನ್ನು ನಂಬಬೇಕಿಲ್ಲ, ಆದರೆ ವಸೂಲಿಯ ಬಾಕಿ, ಅಮಲ್ದಾರರ ದೂರು, ಖಜಾನೆಯ ಲೆಕ್ಕ ಇವುಗಳನ್ನು ಬೇಸರಿಸದೆ ಓದಿ. ಸುಳ್ಯದ ಹಿರಿಯರು ಹೇಳುವ ಕಥೆಗಳನ್ನೂ ಅಷ್ಟೇ ಶ್ರದ್ಧೆಯಿಂದ ಕೇಳಿ, ಅಷ್ಟೇ ಅನುಮಾನದಿಂದ ಒರೆಗೆ ಹಚ್ಚಿ.

ಕಡೆಯ ಅಧ್ಯಾಯವನ್ನು ನೀವು 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಗಲ್ಲಿಗೇರಿಸಿದಲ್ಲಿಗೆ ನಿಲ್ಲಿಸಿದ್ದೀರಿ. ಅಲ್ಲಿಂದ ಒಂದು ವರ್ಷ ಮುಂದೆ ಹೋಗಿ. ನಿಮ್ಮ ರೈತನ ಮನೆಗೆ ಎಷ್ಟು ಗದ್ದೆ, ಎಷ್ಟು ಮುಡಿ ಅಕ್ಕಿ, ಸಾಲ ಯಾರಲ್ಲಿ ಎಂಬುದನ್ನು ಮೊದಲು ಕಾಗದದ ಮೇಲೆ ಲೆಕ್ಕ ಹಾಕಿಕೊಂಡು ಆ ಅಧ್ಯಾಯವನ್ನು ಬರೆಯಿರಿ. ಬರೆದಾದ ಮೇಲೆ ಕಳುಹಿಸಿದರೆ ಸಂತೋಷದಿಂದ ಓದುತ್ತೇನೆ.

ಇಂತಿ,
ನಿಮ್ಮ ಹಿತೈಷಿ