ಸ್ಕ್ರೂಗೆ ಗ್ಯಾರಂಟಿ ಇದೆ, ವಸಡಿಗೆ ಯಾರು ಹೊಣೆ?

ಮಾನ್ಯ ಸಂಪಾದಕರೇ,

ಬಾಗಲಕೋಟೆಯ ನವನಗರದಲ್ಲಿ ಒಂದು ಸುತ್ತು ಹಾಕಿ ಬನ್ನಿ, ಹಲ್ಲಿನ ಇಂಪ್ಲಾಂಟ್ ಬೋರ್ಡುಗಳು ಕಣ್ಣಿಗೆ ಬೀಳುತ್ತವೆ. ಇಂಪ್ಲಾಂಟ್ ಅಂದರೆ ಹೋದ ಹಲ್ಲಿನ ಜಾಗದಲ್ಲಿ ದವಡೆ ಮೂಳೆಗೆ ಸ್ಕ್ರೂ ಕೂಡಿಸಿ, ಅದರ ಮೇಲೆ ಹಲ್ಲಿನ ಆಕಾರದ ಕ್ಯಾಪ್ ಹಾಕೋದು. ಶಾಶ್ವತ ಹಲ್ಲು, ಜೀವನಪೂರ್ತಿ ಗ್ಯಾರಂಟಿ, ಕಂತಿನಲ್ಲಿ ಹಣ ಕಟ್ಟಿ ಅಂತೆಲ್ಲ ಬರೆದಿರುತ್ತಾರೆ. ವಸಡಿನ ಬಗ್ಗೆ ಒಂದಕ್ಷರ ಬರೆದಿದ್ದನ್ನು ಮಾತ್ರ ನಾನು ನೋಡಿಲ್ಲ. ಈ ಪತ್ರ ಅದಕ್ಕೇ.

ಇಂಪ್ಲಾಂಟ್ ಮೋಸ ಅಂತ ನಾನು ಹೇಳುತ್ತಿಲ್ಲ. ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ 1965ರಲ್ಲಿ ಮೊದಲ ಬಾರಿ ಒಬ್ಬ ರೋಗಿಯ ದವಡೆಗೆ ಟೈಟಾನಿಯಂ ಸ್ಕ್ರೂ ಕೂಡಿಸಿದರು. ಆ ರೋಗಿ 2006ರಲ್ಲಿ ತೀರಿಕೊಳ್ಳುವವರೆಗೂ ಅದೇ ಹಲ್ಲುಗಳಲ್ಲಿ ಉಂಡರು. ಅಂದರೆ ನಲವತ್ತು ವರ್ಷ ಬಾಳುವ ಶಕ್ತಿ ಈ ಸ್ಕ್ರೂಗೆ ಇದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ನಿಂತಿರೋದು ಮೂಳೆಯಲ್ಲಿ, ಆ ಮೂಳೆಯನ್ನು ಕಾಯೋದು ವಸಡು. ಬೋರ್ಡಿನಲ್ಲಿ ಈ ಅರ್ಧ ಮಾತು ಬಿಟ್ಟು ಹೋಗಿರುತ್ತೆ.

ನಮ್ಮ ಕಾಕಾ ಇಳಕಲ್ಲಿನವರು. ಕೆಳಗಿನ ದವಡೆ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ ಹಾಕಿಸಿಕೊಂಡು ಕೆಲವು ವರ್ಷ ಅಮೀನಗಡ ಕರದಂಟನ್ನೂ ಬಿಡದೆ ಆರಾಮಾಗಿ ತಿಂದರು. ಆಮೇಲೆ ಅಲ್ಲಿ ಬ್ರಷ್ ತಾಗಿದರೆ ರಕ್ತ ಬರೋಕೆ ಶುರುವಾಯಿತು. ಬ್ರಷ್ಷೇ ಗಡುಸು ಅಂದುಕೊಂಡು ಆ ಜಾಗ ಉಜ್ಜೋದನ್ನೇ ಬಿಟ್ಟುಬಿಟ್ಟರು. ನೋವಿಲ್ಲ, ಹಲ್ಲು ಅಲುಗಾಡಲ್ಲ, ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಲ್ವಾ? ಕೊನೆಗೆ ಬಾಯಿ ವಾಸನೆ ಜಾಸ್ತಿಯಾಯಿತು ಅಂತ ಕಾಕುನೇ ಗದರಿಸಿ ಬೇರೆ ಡಾಕ್ಟರ ಹತ್ತಿರ ಕಳಿಸಿದರು. ಡಾಕ್ಟರು ವಸಡನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರು, ಕ್ಯಾಪಿನ ಅಂಚಿನಿಂದ ಬಿಳಿ ಕೀವು ಹೊರಗೆ ಬಂತು. ಎಕ್ಸ್‌ರೇಯಲ್ಲಿ ನೋಡಿದರೆ ಸ್ಕ್ರೂ ಸುತ್ತ ಮೂಳೆ ಬಟ್ಟಲಿನ ಹಾಗೆ ಕರಗಿತ್ತು. ಎಷ್ಟು ದಿನದಿಂದ ಕರಗುತ್ತಿದೆ ಅಂತ ಹೋಲಿಸೋಕೆ ಕ್ಯಾಪ್ ಕೂಡಿಸಿದ ದಿನದ ಎಕ್ಸ್‌ರೇ ಬೇಕಿತ್ತು. ಇಂಪ್ಲಾಂಟ್ ಹಾಕಿದ ಕ್ಲಿನಿಕ್ಕಿನಲ್ಲಿ ಅದು ತೆಗೆದೇ ಇರಲಿಲ್ಲವಂತೆ!

ನೋವು ಯಾಕೆ ಬರಲ್ಲ ಅಂತ ಆ ಡಾಕ್ಟರೇ ಬಿಡಿಸಿ ಹೇಳಿದರು. ನಮ್ಮ ಸ್ವಂತ ಹಲ್ಲಿನ ಬೇರು ಮತ್ತು ಮೂಳೆಯ ನಡುವೆ ಸಣ್ಣ ಸಣ್ಣ ನಾರುಗಳಿರುತ್ತವೆ, ವಸಡಿನ ನಾರುಗಳೂ ಬೇರಿಗೆ ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ಏನಾದರೂ ಹೆಚ್ಚುಕಮ್ಮಿಯಾದರೆ ಹಲ್ಲಿಗೆ ಗೊತ್ತಾಗುತ್ತೆ. ಸ್ಕ್ರೂಗೆ ಅದ್ಯಾವುದೂ ಇಲ್ಲ. ಮೂಳೆ ನೇರವಾಗಿ ಅದನ್ನು ಹಿಡಿದಿರುತ್ತೆ, ವಸಡು ಸುಮ್ನೆ ಸುತ್ತ ಒತ್ತಿಕೊಂಡಿರುತ್ತೆ ಅಷ್ಟೇ. ಪಾಚಿ ಕಟ್ಟಿದರೆ ಕೀಟಾಣುಗಳಿಗೆ ಒಳಗೆ ಇಳಿಯೋದು ಸುಲಭ. ಮೊದಲ ಹಂತದಲ್ಲಿ ವಸಡು ಮಾತ್ರ ಕೆಂಪಾಗಿ ಊದಿಕೊಳ್ಳುತ್ತೆ, ಆಗಲೇ ಸರಿಯಾಗಿ ಕ್ಲೀನ್ ಮಾಡಿಸಿದರೆ ಮೊದಲಿನ ಹಾಗೆ ಆಗುತ್ತೆ. ಮೂಳೆಗೆ ಇಳಿದ ಮೇಲೆ ಕಷ್ಟ. ಹೋದ ಮೂಳೆ ತಾನಾಗಿ ಬರಲ್ಲ, ವಸಡು ಬಿಡಿಸಿ ಆಪರೇಷನ್ ಮಾಡಬೇಕು, ಅದೂ ಆಗದಿದ್ದರೆ ಸ್ಕ್ರೂ ತೆಗೆಯಬೇಕು. ಹಾಗಾಗಿ ರಕ್ತ ಬಂದ ಕಡೆ ಬ್ರಷ್ ಬಿಡಬಾರದು, ಮೆತ್ತನೆ ಬ್ರಷ್ಷಿನಿಂದ ಇನ್ನೂ ಚೆನ್ನಾಗಿ ಉಜ್ಜಿ ಡಾಕ್ಟರಿಗೆ ತೋರಿಸಬೇಕು.

ಇಂಪ್ಲಾಂಟಿಗೆ ಹುಳುಕು ಹತ್ತಲ್ಲ, ನಿಜ. ಅದನ್ನೇ ಕೇಳಿಕೊಂಡು ಜನ ಆರೈಕೆಯೇ ಬೇಡ ಅಂದುಕೊಳ್ಳುತ್ತಾರೆ. ನಮ್ಮ ಕಡೆ ಇನ್ನೊಂದು ನಂಬಿಕೆ ಬೇರೆ ಇದೆ, ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತವೆ ಅಂತ. ಮೂಳೆ ಮೊದಲೇ ಕರಗಿರುತ್ತೆ, ಕಲ್ಲಿನಂಥ ಪಾಚಿ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿಕೊಂಡಿರುತ್ತೆ, ಅದನ್ನು ತೆಗೆದಾಗ ಅಲುಗಾಟ ಗೊತ್ತಾಗುತ್ತೆ. ತಪ್ಪು ಕ್ಲೀನಿಂಗಿನದಲ್ಲ. ಇನ್ನು ತಂಬಾಕು. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧ ಆಯಿತು, ಆದರೂ ಅಡಿಕೆ-ತಂಬಾಕು ತಿಕ್ಕಿ ಬಾಯಿಗಿಡೋದು ನಿಂತಿಲ್ಲ. ಮನೆಯಲ್ಲಿ ಅಜ್ಜಿಯಂದಿರು ಮಿಶ್ರಿಯಲ್ಲೇ, ಅಂದರೆ ಹುರಿದ ತಂಬಾಕಿನ ಪುಡಿಯಲ್ಲೇ, ಹಲ್ಲುಜ್ಜುತ್ತಾರೆ. ಬೀಡಿ, ಸಿಗರೇಟು ಸೇದುವವರಿಗಂತೂ ವಸಡು ಕೆಟ್ಟಿದ್ದರೂ ರಕ್ತ ಕಮ್ಮಿ ಬರುತ್ತೆ, ರೋಗ ಒಳಗೊಳಗೇ ಬೆಳೆಯುತ್ತೆ. ಶುಗರ್ ಹತೋಟಿಯಲ್ಲಿ ಇಲ್ಲದವರಿಗೂ ಅಪಾಯ ಜಾಸ್ತಿ.

ಮೊದಲು ಹಲ್ಲು ಹೋಗಿದ್ದಾದರೂ ಯಾಕೆ? ಎಷ್ಟೋ ಜನರಿಗೆ ವಸಡಿನ ರೋಗದಿಂದಲೇ. ಆ ರೋಗಕ್ಕೆ ಔಷಧ ಮಾಡದೆ ಅದೇ ಬಾಯಲ್ಲಿ ಸ್ಕ್ರೂ ಕೂಡಿಸಿದರೆ ಏನಾಗುತ್ತೆ ಅಂತ ಡಾಕ್ಟರಿಗೆ ಬೇರೆ ಯಾರೂ ಹೇಳಬೇಕಿಲ್ಲ. ಆದರೂ ಬಾಯಿ ಪೂರ್ತಿ ನೋಡದೆ ರೇಟು ಹೇಳುವ ಕ್ಲಿನಿಕ್ಕುಗಳಿವೆ. ರೇಟು ಹೇಳುವಾಗಲೇ ಮುಂದಿನ ಖರ್ಚನ್ನೂ ಹೇಳಲಿ: ವರ್ಷಕ್ಕೆ ಎರಡು ಸಲ, ವಸಡಿನ ರೋಗ ಇದ್ದವರಿಗೆ ಇನ್ನೂ ಬೇಗ ಬೇಗ ತಪಾಸಣೆ, ಕ್ಲೀನಿಂಗ್, ಆಗಾಗ ಎಕ್ಸ್‌ರೇ. ಕ್ಯಾಪ್ ಕೂಡಿಸಿದ ದಿನದ ಎಕ್ಸ್‌ರೇಯ ಒಂದು ಪ್ರತಿ ರೋಗಿಯ ಕೈಗೆ ಕೊಡಲಿ. ಸ್ಕ್ರೂ ಯಾವ ಕಂಪನಿಯದು, ಅಳತೆ ಎಷ್ಟು ಅಂತ ಒಂದು ಕಾರ್ಡಿನಲ್ಲಿ ಬರೆದು ಕೊಡಲಿ, ಯಾಕೆಂದರೆ ಒಂದು ಕಂಪನಿಯ ಸ್ಕ್ರೂ ಬಿಚ್ಚುವ ಸಾಧನ ಎಷ್ಟೋ ಸಲ ಇನ್ನೊಂದಕ್ಕೆ ಹೊಂದುವುದಿಲ್ಲ. ನಾಳೆ ಮಗಳ ಊರಿಗೆ ಹೋಗಿ ಇದ್ದಾಗ ಕ್ಯಾಪ್ ಸಡಿಲ ಆದರೆ ಅಲ್ಲಿನ ಡಾಕ್ಟರು ಏನು ಮಾಡಬೇಕು? ಹಾಗೇ ಹಲ್ಲುಸಂದಿಗೆ ಹಾಕುವ ಪುಟ್ಟ ಬ್ರಷ್ ಹೇಗೆ ಬಳಸಬೇಕು ಅನ್ನೋದನ್ನು ಕನ್ನಡಿ ಹಿಡಿಸಿ, ರೋಗಿಯ ಕೈಯಿಂದಲೇ ಮಾಡಿಸಿ ಕಳಿಸಲಿ. ಐದು ನಿಮಿಷದ ಕೆಲಸ. ಕಾಕಾನಿಗೆ ಅಂಥದ್ದೊಂದು ಬ್ರಷ್ ಇದೆ ಅಂತಲೇ ಗೊತ್ತಿರಲಿಲ್ಲ.

ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಊರಲ್ಲಿ ದಂತ ಕಾಲೇಜುಗಳಿವೆ, ಅಲ್ಲಿ ವಸಡಿಗಂತಲೇ ಬೇರೆ ವಿಭಾಗ ಇರುತ್ತೆ. ಇಂಪ್ಲಾಂಟಿಗೆ ದುಡ್ಡು ಕಟ್ಟುವ ಮುಂಚೆ ಅಲ್ಲಿ ಒಮ್ಮೆ ತೋರಿಸಿ ಬರಬಹುದು. ನಿಮ್ಮ ಪತ್ರಿಕೆಯಲ್ಲೂ ಇಂಪ್ಲಾಂಟಿನ ಜಾಹೀರಾತುಗಳು ಬರುತ್ತವೆ, ಬರಲಿ. ಆರೋಗ್ಯ ಪುಟದಲ್ಲಿ ಒಬ್ಬ ವಸಡಿನ ತಜ್ಞರಿಂದ ಇದರ ಬಗ್ಗೆ ಬರೆಸಿ, ಓದುಗರ ಪ್ರಶ್ನೆಗಳಿಗೂ ಉತ್ತರ ಹೇಳಿಸಿ ಅಂತ ವಿನಂತಿ.

– ನಿಮ್ಮ ಓದುಗ, ಬಾಗಲಕೋಟೆ