ಭಾನುವಾರದ ಚರ್ಚೆ: ಮಂಗಳಕ್ಕೆ ಹೋಗಿ ನೆಲೆಸಬೇಕಾ?

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ಗುಂಪಿನಲ್ಲಿ ಚರ್ಚೆ ಇದೆ. ಮನುಷ್ಯರು ಭೂಮಿ ಬಿಟ್ಟು ಬೇರೆ ಗ್ರಹದಲ್ಲಿ ಬೇರೂರಬೇಕಾ, ಬೇಡವಾ? ದಯವಿಟ್ಟು ಸುಮ್ನೆ ಫಾರ್ವರ್ಡ್ ಹಾಕಬೇಡಿ. ‘ಮಂಗಳದಲ್ಲಿ ಸೈಟು ಬುಕಿಂಗ್ ಶುರು’ ಅನ್ನೋ ಮೆಸೇಜು ಇಲ್ಲಿಗೆ ಮೂರು ಸಲ ಬಂದಾಯ್ತು!

ಮಾತಾಡುವ ಮೊದಲು ಒಂದು ಹಳೆಯ ಪ್ರಯೋಗ ನೆನಪಿರಲಿ. 1991ರಲ್ಲಿ ಅಮೆರಿಕದ ಅರಿಜೋನಾದಲ್ಲಿ 8 ಜನ ‘ಬಯೋಸ್ಫಿಯರ್ 2’ ಎಂಬ ದೊಡ್ಡ ಗಾಜಿನ ಕಟ್ಟಡದೊಳಗೆ ಸೇರಿಕೊಂಡು ಬಾಗಿಲು ಹಾಕಿಕೊಂಡರು. ಒಳಗೇ ಬೆಳೆದು ತಿಂದು ಎರಡು ವರ್ಷ ಇರಬೇಕಿತ್ತು. ಆದರೆ ಗಾಳಿಯಲ್ಲಿ ಸುಮಾರು 21% ಇದ್ದ ಆಮ್ಲಜನಕ ಇಳಿಯುತ್ತಾ 14.5%ಕ್ಕೆ ಬಂತು. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಬಳಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತಿದ್ದವು, ಕಾಂಕ್ರೀಟ್ ಗೋಡೆ ಆ ಡೈಆಕ್ಸೈಡನ್ನು ಹೀರಿಕೊಳ್ಳುತ್ತಿತ್ತು. ಹೀಗೆ ಗೋಡೆ ಸೇರಿದ್ದು, ಅದನ್ನು ಬಳಸಿ ಆಮ್ಲಜನಕ ಬಿಡುವ ಗಿಡಗಳಿಗೆ ವಾಪಸ್ ಸಿಗಲೇ ಇಲ್ಲ. ಕೊನೆಗೆ ಹೊರಗಿನಿಂದ ಆಮ್ಲಜನಕ ತುಂಬಿಸಬೇಕಾಯಿತು. ಗೋಡೆ ಹೀಗೆ ಕೈಕೊಡುತ್ತೆ ಅಂತ ಯಾರು ಅಂದುಕೊಂಡಿದ್ದರು? ಮಂಗಳದಲ್ಲಾದರೆ ಹೊರಗಿನ ಗಾಳಿಯ ಒತ್ತಡ ಇಲ್ಲಿನ 1%ಕ್ಕಿಂತ ಕಡಿಮೆ. ಸಹಾಯ ಬರಲು ಕಡಿಮೆಯೆಂದರೂ ಆರೇಳು ತಿಂಗಳು ಬೇಕು.

ಹಾಗಂತ ಕೆಲಸ ನಿಂತಿಲ್ಲ. ಮಂಗಳದ ನೆಲದ ಮೇಲೆ ಓಡಾಡುವ ನಾಸಾದ ಗಾಡಿ ಪರ್ಸಿವಿಯರೆನ್ಸ್ ರೋವರ್‌ನಲ್ಲಿದ್ದ ‘ಮಾಕ್ಸಿ’ ಎಂಬ ಪುಟ್ಟ ಯಂತ್ರ 2021ರಿಂದ 2023ರವರೆಗೆ ಅಲ್ಲಿನ ಗಾಳಿಯಿಂದಲೇ ಆಮ್ಲಜನಕ ತೆಗೆಯಿತು. ಒಟ್ಟು 122 ಗ್ರಾಂ. ಒಬ್ಬರಿಗೆ ಒಂದು ದಿನಕ್ಕೂ ಸಾಲದು, ಆದರೂ ಖುಷಿಯ ವಿಷಯ ಅಲ್ವಾ?

ನನ್ನ ಮಟ್ಟಿಗೆ, ಹೋಗಿ ನೋಡಿ ಬರೋಣ, ಸಂಸಾರ ಹೂಡುವುದು ಬೇಡ. ಒಪ್ಪದವರು ಕಾರಣ ಹೇಳಿ ಜಗಳ ಆಡಿ. ವಾಯ್ಸ್ ಮೆಸೇಜು ಎರಡು ನಿಮಿಷ ದಾಟಬಾರದು.